ತಾವರೆಗೆ ಬೇಕಾದ ಬಿಸಿಲು

ಹರಿಯುವ ಹೊಳೆಯ ನಡುನೀರಿನಲ್ಲಿ ತಾವರೆ ಅರಳಿದುದನ್ನು ಕಣ್ಣಾರೆ ಕಂಡವರು ಇರಲಾರರು. ಆದರೂ ನಮ್ಮ ಪ್ರಾಚೀನ ಕವಿಗಳು ನದಿಯನ್ನು ವರ್ಣಿಸಹೊರಟರೆಂದರೆ ಅದರಲ್ಲಿ ಕಮಲಗಳನ್ನು ತುಂಬದೆ ಬಿಟ್ಟವರಲ್ಲ. ಸುಮಾರು ಹತ್ತನೆಯ ಶತಮಾನದ ಆದಿಯಲ್ಲಿ ‘ಕಾವ್ಯಮೀಮಾಂಸೆ’ಯನ್ನು ರಚಿಸಿದ ರಾಜಶೇಖರನು ಈ ರೂಢಿಯನ್ನು ಕವಿಸಮಯಗಳಲ್ಲಿ ಸೇರಿಸಿ, ಲೋಕದಲ್ಲಿ ಇಲ್ಲದುದನ್ನು ಉಂಟೆಂದು ವರ್ಣಿಸಲು ಕವಿಗಿರುವ ಸ್ವಾತಂತ್ರ್ಯಕ್ಕೆ ಅದನ್ನು ನಿದರ್ಶನವಾಗಿ ಕೊಟ್ಟಿದ್ದಾನೆ. ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಮನೆಯಂಗಳದ ಒಂದು ಮೂಲೆಯಲ್ಲಿ ಸಣ್ಣ ಕೊಳವೊಂದನ್ನು ಕಟ್ಟಿಸಿ ತಾವರೆಯನ್ನು ಬೆಳೆಸಬೇಕೆಂದಿರುವ ಗೃಹಸ್ಥನು ಅಲಂಕಾರಶಾಸ್ತ್ರದ ಈ ಮಾತನ್ನು ತೋಟಗಾರಿಕೆಯ ಪಾಠವೆಂದೇ ಓದಿಕೊಳ್ಳುವುದು ಲೇಸು. ಏಕೆಂದರೆ ಅಂಥವರು ಮೊತ್ತಮೊದಲು ಮಾಡುವ ಕೆಲಸವೆಂದರೆ, ಅಂಗಡಿಯಿಂದ ಒಂದು ಪಂಪನ್ನು ತಂದು ಕೊಳದ ನಡುವೆ ಕಾರಂಜಿಯನ್ನು ಚಿಮ್ಮಿಸುವುದು. ಆ ತುಂತುರೂ ಆ ಅಲುಗಾಟವೂ ತಾವರೆಗೆ ಸರ್ವಥಾ ಹಿಡಿಸುವುದಿಲ್ಲ. ನಿಂತ ನೀರಿನಲ್ಲಿ, ತನ್ನನ್ನು ಯಾರೂ ಕದಲಿಸದ ಕಡೆಯಲ್ಲಿ, ತಲೆಯ ಮೇಲೆ ಪೂರ್ತಿ ಆಕಾಶವಿರುವಂತೆ ಬಾಳಬೇಕೆಂಬುದೇ ಅದರ ಅಪೇಕ್ಷೆ.

ಈ ಕಡೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ನೀರು ಕೆಸರುಗಳಿದ್ದರೆ ತಾವರೆ ತಾನಾಗಿ ಬರುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದೆ. ನೀರೂ ಕೆಸರೂ ಬೇಕೆಂಬುದು ನಿಜವೇ, ಆದರೆ ಅವೆರಡನ್ನೂ ಯಾವ ಊರಿನಲ್ಲಿಯಾದರೂ ಹೊಂದಿಸಿಕೊಳ್ಳಬಹುದು. ಹೊಂದಿಸಿಕೊಳ್ಳಲಾಗದ ವಸ್ತು ಬಿಸಿಲು. ದಿನಕ್ಕೆ ಕನಿಷ್ಠ ಆರು ಗಂಟೆಗಳ ಕಾಲ, ಎಲೆಗಳ ಮೇಲೆ ನೇರವಾಗಿ, ನಡುವೆ ಕೊಂಬೆಯಾಗಲಿ ಗಾಜಾಗಲಿ ಅಡ್ಡಬಾರದಂತೆ ಬೀಳುವ ಬಿಸಿಲಿಲ್ಲದ ಕಡೆಯಲ್ಲಿ ತಾವರೆಯು ಎಲೆಯನ್ನೇನೋ ಬಿಡುತ್ತದೆ. ತಿಂಗಳುಗಟ್ಟಲೆ ಹಸುರಾಗಿಯೂ ಇರುತ್ತದೆ. ಮೊಗ್ಗನ್ನು ಮಾತ್ರ ತೋರಿಸುವುದಿಲ್ಲ. ಗೊಬ್ಬರ ಸಾಲದೆಂದು ಭಾವಿಸಿ ಒಡೆಯನು ಗೊಬ್ಬರವನ್ನು ಹೆಚ್ಚಿಸುತ್ತಾನೆ, ನೀರು ಪಾಚಿಗಟ್ಟುತ್ತದೆ, ಕಡೆಗೆ ಬೆಂಗಳೂರಿನ ಹವೆಯೇ ತಾವರೆಗೆ ಒಗ್ಗದೆಂಬ ಸಿದ್ಧಾಂತಕ್ಕೆ ಬಂದು ತೊಟ್ಟಿಯನ್ನು ಬೋರಲು ಹಾಕುತ್ತಾನೆ.

ಹವೆಯಲ್ಲಿ ದೋಷವಿಲ್ಲ. ದೋಷವಿರುವುದು ಹಳೆಯ ಬಡಾವಣೆಗಳು ಈ ನೂರಿಪ್ಪತ್ತೈದು ವರ್ಷಗಳಲ್ಲಿ ಬೆಳೆದ ರೀತಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡು, 1898ರ ಪ್ಲೇಗಿನ ಭೀತಿಯಿಂದ ಪೇಟೆಯ ಇಕ್ಕಟ್ಟನ್ನು ತೊರೆದ ಸಂಸಾರಗಳು ಇಲ್ಲಿಗೆ ಬಂದು ನೆಲೆಸಿದಾಗ, ಇಲ್ಲಿನ ಮನೆಗಳಿಗೆ ಇದ್ದುದು ಒಂದೇ ಅಂತಸ್ತು. ಮುಂದೆ ಕೈತೋಟ, ಹಿಂದೆ ಬಾವಿ, ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಹಸುವಿಗೆ ನೀರಿಡುವ ಕಲ್ಲುಬಾನಿ. ಹಸು ಹೋದ ಮೇಲೆ ಆ ಬಾನಿಯಲ್ಲಿ ಒಂದು ತಾವರೆಯ ಗಡ್ಡೆಯನ್ನು ನೆಟ್ಟರೆ ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ಬಿಸಿಲಿನ ಅಭಾವವಿರಲಿಲ್ಲ. ಈಗ ಆ ಕಾಂಪೌಂಡಿನ ಮೂರು ಕಡೆಗಳಲ್ಲಿಯೂ ನಾಲ್ಕಂತಸ್ತಿನ ಕಟ್ಟಡಗಳೆದ್ದಿವೆ. ನಾಲ್ಕನೆಯ ಕಡೆಯಲ್ಲಿ, ಅಂದು ಸಸಿಯಾಗಿ ನೆಟ್ಟ ರಸ್ತೆಯ ಮರವು ಇಂದು ಮಹಾವೃಕ್ಷವಾಗಿ ಅರ್ಧ ಬೀದಿಯನ್ನೇ ಕವಿದಿದೆ. ಮಲ್ಲೇಶ್ವರದಲ್ಲಿ ಸಂಪಿಗೆಯ ಹೆಸರಿನಲ್ಲಿಯೂ ಬೇವಿನ ಹೆಸರಿನಲ್ಲಿಯೂ ರಸ್ತೆಗಳಿರುವುದು ಊರಿಗೆ ಭೂಷಣವೇ ಸರಿ, ಆ ನೆರಳನ್ನು ಯಾರೂ ಕಡಿಯಬಾರದು. ಆದರೆ ಆ ನೆರಳಿನ ಕೆಳಗೆ ತಾವರೆಯನ್ನು ಬೆಳೆಸಬಯಸುವುದು ವ್ಯರ್ಥಪ್ರಯತ್ನ. ಆದುದರಿಂದಲೇ ಅಂಗಳದ ತಾವರೆಯು ನಮ್ಮ ಕಾಲದಲ್ಲಿ ಮೆಟ್ಟಿಲು ಹತ್ತಿ ತಾರಸಿಗೆ ಬಂದಿದೆ.

ತಾರಸಿಗೆ ಒಯ್ಯುವವರು ಮೊದಲು ಭಾರದ ಲೆಕ್ಕ ಹಾಕಬೇಕು. ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ದುಂಡು ಟಬ್ಬಿನಲ್ಲಿ ನೂರಿಪ್ಪತ್ತು ಲೀಟರಿಗೂ ಮೇಲ್ಪಟ್ಟು ಹಿಡಿಯುತ್ತದೆ. ಅದರ ಅರ್ಧಭಾಗ ನೀರಿಗಿಂತ ತೂಕವಾದ ಮಣ್ಣು. ಅಂಥ ಒಂದು ಟಬ್ಬೆಂದರೆ ಇಬ್ಬರು ದೊಡ್ಡ ಆಳುಗಳು ಹಗಲಿರುಳು ಒಂದೇ ಕಡೆ ನಿಂತಷ್ಟು ಭಾರವಾಯಿತು. ಆದುದರಿಂದ ತೊಟ್ಟಿಗಳನ್ನು ತೊಲೆಯ ಮೇಲೆ ಅಥವಾ ಕೆಳಗೆ ಗೋಡೆಯಿರುವ ಅಂಚಿನಲ್ಲಿ ಇರಿಸತಕ್ಕದ್ದೇ ಹೊರತು ಹಜಾರದ ನಟ್ಟನಡುವೆ ಬರುವಂತೆ ಇರಿಸಬಾರದು. ಮದರಾಸು ತಾರಸಿಯ ಹಳೆಯ ಮನೆಗಳವರು ಇಂಜಿನಿಯರೊಬ್ಬರನ್ನು ಕೇಳದೆ ಈ ಸಾಹಸಕ್ಕೆ ಕೈಯಿಡದಿರುವುದೇ ಉತ್ತಮ.

ಅಂಗಳದಲ್ಲಿಯೇ ಜಾಗ ಹುಡುಕುವವರಿಗೆ ಸೂರ್ಯನ ಗತಿಯನ್ನು ಕುರಿತ ಒಂದು ಮಾತು ಉಪಯೋಗಕ್ಕೆ ಬರುತ್ತದೆ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಈ ಎರಡು ದಿನಗಳ ನಡುವಣ ಕಾಲದಲ್ಲಿ ಮಧ್ಯಾಹ್ನದ ಸೂರ್ಯನಿರುವುದು ನಮ್ಮ ತಲೆಗಿಂತ ತುಸು ಉತ್ತರಕ್ಕೆ. ಡಿಸೆಂಬರಿನಲ್ಲಾದರೋ ಅವನು ದಕ್ಷಿಣಕ್ಕೆ ಬಹಳ ವಾಲಿರುತ್ತಾನೆ. ಮನೆಯ ಉತ್ತರದ ಓಣಿಯೆಲ್ಲ ಆಗ ಕತ್ತಲು. ಚಳಿಗಾಲದಲ್ಲಿ ಆ ಓಣಿಯನ್ನು ನೋಡಿ ಇದು ನೆರಳಿನ ಜಾಗವೆಂದು ತಳ್ಳಿಹಾಕಿದವರು ಮೇ ತಿಂಗಳಿನಲ್ಲಿ ಅಲ್ಲಿ ನಡುಹಗಲು ಸುರಿಯುವ ಬಿಸಿಲನ್ನು ಕಂಡು ಬೆರಗಾಗುವುದುಂಟು. ಜಾಗದ ಪರೀಕ್ಷೆ ನಡೆಯಬೇಕಾದುದು ಮಾರ್ಚಿಯಿಂದ ಮೇವರೆಗೆ, ಅಂದರೆ ತಾವರೆಯು ನಿಜವಾಗಿ ಬೆಳೆಯುವ ಕಾಲದಲ್ಲಿ.

ಆರು ಗಂಟೆಯ ಬಿಸಿಲು ಎಲ್ಲಿಯೂ ಸಿಕ್ಕದವರು ನೈದಿಲೆಯನ್ನು ಬೆಳೆಸಲಿ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನಾಲ್ಕು ಗಂಟೆಯ ಬಿಸಿಲಿಗೂ ಹೂಬಿಡುವ ನೈದಿಲೆಗಳಿವೆ, ಮತ್ತು ತಾವರೆಯಲ್ಲಿ ಎಂದಿಗೂ ಕಾಣದ ನೀಲವರ್ಣ ನೈದಿಲೆಯಲ್ಲಿದೆ. ಕೆಂಪು, ಬಿಳುಪು ಹಾಗೂ ಅವುಗಳ ಮಿಶ್ರಣಗಳಲ್ಲಿ ನಮ್ಮ ತಾವರೆಯ ಬಣ್ಣಗಳು ಮುಗಿಯುತ್ತವೆ. ಹಳದಿಯದು ಅಮೆರಿಕದ ಬೇರೊಂದು ಜಾತಿ. ನರ್ಸರಿಗಳಲ್ಲಿ ತಾವರೆ ನೈದಿಲೆಗಳೆರಡನ್ನೂ ಒಂದೇ ಹೆಸರಿನಿಂದ ಮಾರುವವರಿರುವುದರಿಂದ ಕೊಳ್ಳುವವರು ಎಲೆಯನ್ನು ನೋಡಿ ಕೊಳ್ಳಬೇಕು. ನೈದಿಲೆಯ ಎಲೆಗೆ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆಯೇ ಒರಗಿ ತೇಲುತ್ತದೆ. ತಾವರೆಯ ಎಲೆ ಸೀಳಿಲ್ಲದ ಪೂರ್ಣವೃತ್ತ, ತೊಟ್ಟು ನಡುಮಧ್ಯಕ್ಕೆ ಸೇರಿರುತ್ತದೆ, ಬೆಳೆದ ಗಿಡದಲ್ಲಿ ಅದು ನೀರಿನಿಂದ ಎರಡು ಮೂರು ಅಡಿ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಹೀಗೆ ಅಕ್ಕಪಕ್ಕದಲ್ಲಿ ಬಾಳುವ ಇವೆರಡಕ್ಕೂ ಹತ್ತಿರದ ವಂಶಸಂಬಂಧವಿಲ್ಲವೆಂಬುದನ್ನು ಸಸ್ಯಗಳ ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿದೆ. ತಾವರೆಗೆ ನಿಜವಾದ ದಾಯಾದಿಗಳು ಯಾರೆಂದರೆ, ಚಿಕ್ಕಮಗಳೂರು ಕೊಡಗುಗಳ ಕಾಫಿತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಮತ್ತು ಬೆಂಗಳೂರಿನ ಬೀದಿಗಳಲ್ಲಿಯೂ ಕಾಣುವ ಸಿಲ್ವರ್ ಓಕ್ ಮೊದಲಾದ ಮರಗಳು! ಅರವತ್ತು ಎಪ್ಪತ್ತು ಅಡಿ ಎತ್ತರದ ಆ ಒಣನೆಲದ ಮರವೂ ಕೆಸರಿನ ಈ ಮೃದುಗಾತ್ರೆಯೂ ಒಂದೇ ಗಣದವೆಂದರೆ ನಂಬುವುದು ಕಷ್ಟ; ಆದರೆ ಶಾಸ್ತ್ರಜ್ಞರಲ್ಲಿ ಈ ವಿಷಯದಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ.

ಇನ್ನು ತೊಟ್ಟಿಯ ವಿಚಾರ. ಅದು ದುಂಡಾಗಿರಬೇಕು, ತಳದಲ್ಲಿ ತೂತಿರಬಾರದು. ತಾವರೆಯ ಗಡ್ಡೆಯು ಗಿಣ್ಣುಗಿಣ್ಣಾಗಿ ಕೆಸರಿನೊಳಗೆ ಅಡ್ಡಡ್ಡ ಹರಿದು ಹೋಗುತ್ತದೆ. ದುಂಡು ಪಾತ್ರೆಯಲ್ಲಾದರೆ ಅದರ ಕುಡಿಯು ಗೋಡೆಯನ್ನು ತಾಕಿ ಪ್ರದಕ್ಷಿಣೆ ಬರುತ್ತ ಸಾಗುತ್ತದೆ, ಚೌಕ ತೊಟ್ಟಿಯಲ್ಲಿ ಮೂಲೆಗೆ ಸಿಕ್ಕಿ ಮುರುಟಿಕೊಳ್ಳುತ್ತದೆ. ನೆಲದಲ್ಲಿ ಕೊಳವನ್ನೇ ಕಟ್ಟಿಸಿದವರು ಸಹ ಗಡ್ಡೆಯನ್ನು ಬೇರೊಂದು ಪಾತ್ರೆಯಲ್ಲಿ ನೆಟ್ಟು ಆ ಪಾತ್ರೆಯನ್ನು ಕೊಳದೊಳಗೆ ಇಳಿಸುವುದು ಜಾಣತನ. ಇಲ್ಲವಾದರೆ ಎರಡು ವರ್ಷಗಳೊಳಗೆ ಕೊಳದ ತುಂಬ ತಾವರೆಯ ಸಾಮ್ರಾಜ್ಯ ಹಬ್ಬಿ ಮಿಕ್ಕ ಯಾವ ಗಿಡಕ್ಕೂ ಎಡೆಯಿರುವುದಿಲ್ಲ. ಹೊಸ ಸಿಮೆಂಟಿನ ತೊಟ್ಟಿಯಾದರೆ ನೀರು ತುಂಬಿ ಚೆಲ್ಲುವ ಕೆಲಸವನ್ನು ಎರಡು ಮೂರು ವಾರ ಮಾಡಿ ಸುಣ್ಣದ ಖಾರವನ್ನು ಕಳೆದ ನಂತರವೇ ಉಪಯೋಗಿಸಬೇಕು.

ಮಣ್ಣಿನ ವಿಷಯದಲ್ಲಿ ಹಳಬರಿಗೆ ಚಿಂತೆಯಿರಲಿಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ಗಾಡಿಗಳಲ್ಲಿ ಹೊಲಗಳಿಗೆ ಹೊಡೆಯುವುದು ಈ ಸೀಮೆಯ ರೈತರ ಸಂಪ್ರದಾಯವಾಗಿತ್ತು, ಆ ಗೋಡಿಗಿಂತ ಮೇಲಾದ ಮಣ್ಣು ತಾವರೆಗೆ ಇಲ್ಲ. ತಾವರೆಕೆರೆ ಎಂಬ ಹೆಸರನ್ನು ನಗರದ ಒಂದು ಬಡಾವಣೆಯೂ ಮಾಗಡಿ ರಸ್ತೆಯ ಮೇಲಣ ಒಂದು ಊರೂ ಇಂದಿಗೂ ಹೊತ್ತಿವೆ. ಆದರೆ ನಗರದೊಳಗೆ ಉಳಿದಿರುವ ಕೆರೆಗಳಿಗೆ ಚರಂಡಿಯ ನೀರು ಸೇರಿದ ಚರಿತ್ರೆಯಿರುವುದರಿಂದ ಅವುಗಳ ಹೂಳನ್ನು ಮನೆಗೆ ತರುವುದು ಬೇಡ. ಅದಕ್ಕೆ ಬದಲಾಗಿ ಬಸವನಗುಡಿಯಂಥ ಕಡೆ ಸುಲಭವಾಗಿ ದೊರೆಯುವ ಇನ್ನೊಂದು ಮಣ್ಣನ್ನು ಸೂಚಿಸುತ್ತೇನೆ: ಗೌರಿಗಣೇಶನ ಹಬ್ಬದಲ್ಲಿ ಬಣ್ಣ ಬಳಿಯದ ಜೇಡಿಮಣ್ಣಿನ ಮೂರ್ತಿಯನ್ನು ಪೂಜಿಸಿ ಬಕೆಟ್ಟಿನಲ್ಲಿ ವಿಸರ್ಜಿಸುವ ಮನೆಗಳಲ್ಲಿ ತಳದಲ್ಲಿ ನಿಲ್ಲುವ ನುಣುಪಾದ ಮಣ್ಣು. ಅದನ್ನು ಒಣಗಿಸಿ ಎತ್ತಿಟ್ಟು, ಜರಡಿ ಹಿಡಿದ ಕೆಮ್ಮಣ್ಣಿನೊಡನೆ ಸೇರಿಸಿದರೆ ಹದವಾದ ಮಿಶ್ರಣವಾಗುತ್ತದೆ. ಕುಂಡದ ಗಿಡಗಳಿಗೆಂದು ಚೀಲಗಳಲ್ಲಿ ಮಾರುವ ತೆಂಗಿನ ನಾರಿನ ಪುಡಿಯ ಮಿಶ್ರಣವನ್ನು ಮಾತ್ರ ಹಾಕಲೇಬಾರದು. ನೀರು ಬಿದ್ದ ಕೂಡಲೆ ಅದು ಮೇಲೆ ತೇಲಿ ಗಡ್ಡೆಯನ್ನು ಬೆತ್ತಲೆ ಮಾಡುತ್ತದೆ.

ತಳದಲ್ಲಿ ಎರಡು ಮೂರು ಹಿಡಿ ಮೂಳೆಗೊಬ್ಬರ, ಅದರ ಮೇಲೆ ವರ್ಷ ಕಳೆದು ಪುಡಿಯಾದ ಸಗಣಿಗೊಬ್ಬರದ ಒಂದು ತೆಳು ಪದರ, ಅದರ ಮೇಲೆ ಒಂದು ಗೇಣು ಮಣ್ಣು. ಈ ಮೇಲಿನ ಮಣ್ಣನ್ನು ನೀರಿನಲ್ಲಿ ಕಲಸಿ ಇಡ್ಲಿಹಿಟ್ಟಿನ ಹದಕ್ಕೆ ತರಬೇಕು. ಹಸಿಸಗಣಿ ನಿಷಿದ್ಧ, ಅದು ನೀರಿನೊಳಗೆ ಹುಳಿತು ಗುಳ್ಳೆಯೆದ್ದು ಎಳೆಯ ಬೇರನ್ನು ಸುಡುತ್ತದೆ. ನೆಡುವ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡುತ್ತದೆಂಬ ಗಾದೆಯನ್ನು ಗಡ್ಡೆಯೂ ಬಲ್ಲದೆಂಬಂತೆ, ಆ ವೇಳೆಗೆ ಅದರ ಕುಡಿಯು ತಾನಾಗಿ ಕದಲತೊಡಗಿರುತ್ತದೆ. ಎರಡು ಮೂರು ಗಿಣ್ಣುಗಳೂ ಮುರಿಯದ ಒಂದು ಕುಡಿಯೂ ಇರುವ ಗಡ್ಡೆಯನ್ನು ಆರಿಸಿಕೊಂಡು, ತೊಟ್ಟಿಯ ಅಂಚಿನ ಬಳಿ ತುಸು ಓರೆಯಾಗಿ, ಕುಡಿಯ ಮುಖವು ಒಳಗಡೆಗೆ ಬರುವಂತೆ ಮಲಗಿಸಿ, ಬೆನ್ನಿನ ಮೇಲೆ ಎರಡಂಗುಲ ಮಣ್ಣು ಮುಚ್ಚಿ, ಕುಡಿಯನ್ನು ಮಾತ್ರ ಹೊರಗೆ ಬಿಟ್ಟು, ತೇಲದಂತೆ ಒಂದು ಚಪ್ಪಟೆ ಕಲ್ಲನ್ನು ಹೇರಬೇಕು. ಆ ಕುಡಿ ಮುರಿಯಿತೆಂದರೆ ಆ ಗಿಣ್ಣಿನ ಆಸೆ ಬಿಟ್ಟಂತೆಯೇ. ಮೊದಲಲ್ಲಿ ಮಣ್ಣಿನ ಮೇಲೆ ನಾಲ್ಕು ಬೆರಳು ನೀರು ಸಾಕು. ಕಡಿಮೆ ನೀರು ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಬೆಚ್ಚನೆಯ ನೀರಿನಲ್ಲಿ ಗಡ್ಡೆ ಬೇಗ ಎಚ್ಚರಗೊಳ್ಳುತ್ತದೆ. ಎಲೆಗಳು ಎದ್ದಂತೆಲ್ಲ ನೀರನ್ನು ಒಂದು ಗೇಣಿನವರೆಗೆ ಏರಿಸುತ್ತ ಹೋಗಬಹುದು.

ನೀರಿನ ಮಾತು ಬಂದುದರಿಂದ, ಈ ಊರಿನಲ್ಲಿ ಹೂವಿಗಾಗಿ ನೀರು ನಿಲ್ಲಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಮರೆಸಿ ಮುಂದೆ ಹೋಗಲಾಗದು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಎಂದು ಬೆಂಗಳೂರು ತನ್ನ ಬಾಯಾರಿಕೆಯನ್ನು ದೂರದೂರಕ್ಕೆ ಚಾಚುತ್ತ ಬಂದಿದೆ. 2024ರ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ಕಾರಂಜಿಗೂ ಬಳಸಿದವರಿಗೆ 5,000 ರೂಪಾಯಿ ದಂಡವನ್ನೇ ವಿಧಿಸಿತು. ನನ್ನ ಅಭಿಪ್ರಾಯದಲ್ಲಿ ಹುಲ್ಲುಹಾಸೇ ಈ ವಿಷಯದಲ್ಲಿ ಮುಖ್ಯ ಅಪರಾಧಿ. ತಾವರೆಯ ತೊಟ್ಟಿಯಲ್ಲಿ ಒಮ್ಮೆ ತುಂಬಿದ ನೀರು ನೆಲಕ್ಕೆ ಇಂಗಿ ಹೋಗುವುದಿಲ್ಲ, ಬೇಸಗೆಯಲ್ಲಿ ಆವಿಯಾಗುವ ಮತ್ತು ಎಲೆಗಳು ಹೀರುವ ನೀರನ್ನು ಎರಡು ದಿನಕ್ಕೊಮ್ಮೆ ತುಂಬಿಕೊಟ್ಟರಾಯಿತು. ಅದಕ್ಕೆ ಅಕ್ಕಿ ತರಕಾರಿ ತೊಳೆದ ನೀರು ಬೇಡ, ಅದು ಹುಳಿತು ನಾರುತ್ತದೆ. ಮಳೆಯ ನೀರನ್ನು ಸಂಪಿನಲ್ಲಿ ಹಿಡಿದಿಟ್ಟವರು ಪುಣ್ಯವಂತರು. ನಲ್ಲಿಯ ನೀರಾದರೆ ಒಂದು ರಾತ್ರಿ ಬಕೆಟ್ಟಿನಲ್ಲಿ ನಿಲ್ಲಿಸಿ ಹಾಕಬೇಕು. ಕೊಳವೆ ಬಾವಿಯ ನೀರು ಗಡುಸು. ಅದನ್ನೇ ವರ್ಷವಿಡೀ ಸುರಿದರೆ ಲವಣ ಕೂಡಿ ಎಲೆಯ ಅಂಚು ಕರಕಾಗುತ್ತದೆ.

ನೆಟ್ಟ ಹತ್ತು ಹದಿನೈದು ದಿನಗಳಲ್ಲಿ ರೂಪಾಯಿಯಗಲದ ಎಲೆಗಳು ನೀರಿನ ಮೇಲೆ ತೇಲತೊಡಗುತ್ತವೆ. ಈ ಹಂತದಲ್ಲಿ ಗೊಬ್ಬರ ಕೊಡಹೋಗುವ ಆತುರವೇ ಹೊಸಬರ ತೊಟ್ಟಿಗಳನ್ನು ಕೆಡಿಸುವುದು. ನೀರಿನಿಂದ ಮೇಲಕ್ಕೆ ಸೆಟೆದು ನಿಲ್ಲುವ ಎಲೆಗಳು ಎರಡು ಮೂರು ಬರುವ ತನಕ ಗಡ್ಡೆಯು ತನ್ನಲ್ಲಿ ಕೂಡಿಟ್ಟುಕೊಂಡ ಆಹಾರದಿಂದಲೇ ಬದುಕುತ್ತದೆ. ಆಮೇಲೆ, ಮೂರು ವಾರಕ್ಕೊಮ್ಮೆ, ಒಂದು ಚಹಾ ಚಮಚದಷ್ಟು ಎನ್‌ಪಿಕೆ ಗೊಬ್ಬರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಕುಡಿಯಿಂದ ದೂರದಲ್ಲಿ, ಮಣ್ಣಿನ ಆಳಕ್ಕೆ ತೂರಿಸಬೇಕು. ನೀರಿಗೆ ಎರಚಿದ ಗೊಬ್ಬರ ಪಾಚಿಯ ಪಾಲು. ನೀರು ಮೊದಲ ಕೆಲವು ವಾರ ಹಸುರಾಗುವುದು ಸಹಜ; ಎಲೆಗಳು ಹರಡಿ ನೀರಿಗೆ ನೆರಳಾದಂತೆ ತಿಳಿಯಾಗುತ್ತದೆ, ಅಷ್ಟರೊಳಗೆ ನೀರನ್ನು ಪದೇ ಪದೇ ಬದಲಿಸುವುದರಿಂದ ಅದು ತಿಳಿಯಾಗುವುದು ತಡವಾಗುತ್ತದೆಯೇ ವಿನಾ ಬೇರೇನೂ ಲಾಭವಿಲ್ಲ.

ತಾವರೆಯ ಎಲೆಗೆ ನೀರು ಅಂಟುವುದಿಲ್ಲವೆಂಬುದು ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ ನಿರ್ಲೇಪತೆಗೆ ದೃಷ್ಟಾಂತವಾದ ಮಾತು. ಅದರ ಕಾರಣವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಲೋಕಕ್ಕೆ ತಿಳಿಸಿದವನು ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದ ವಿಲ್ಹೆಲ್ಮ್ ಬಾರ್ತ್‌ಲಾಟ್. 1997ರಲ್ಲಿ ಅವನೂ ಅವನ ಸಹೋದ್ಯೋಗಿಯೂ ಪ್ರಕಟಿಸಿದ ಲೇಖನದ ಪ್ರಕಾರ, ಎಲೆಯ ಮೇಲ್ಮೈಯೆಲ್ಲ ಕಣ್ಣಿಗೆ ಕಾಣದ ಗುಬ್ಬಿಗಳಿಂದ ತುಂಬಿದೆ, ಆ ಗುಬ್ಬಿಗಳ ಮೇಲೆ ಮೇಣದ ಸೂಕ್ಷ್ಮತರ ಹರಳುಗಳಿವೆ, ನೀರಿನ ಹನಿ ಅವುಗಳ ತುದಿಗಳ ಮೇಲೆ ಮಾತ್ರ ಕುಳಿತು ಉರುಳಿ ಹೋಗುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ತೋಟಗಾರನು ಇದರಿಂದ ಗ್ರಹಿಸಬೇಕಾದ ಅಂಶ ಬೇರೆ. ಎಲೆಯ ದಂಟಿಗೆ ಹೇನು ಹತ್ತಿತೆಂದು ಬೇವಿನೆಣ್ಣೆಯನ್ನೂ ಸಾಬೂನನ್ನೂ ಕಲಸಿ ಹೊಡೆದರೆ ಆ ಮೇಣ ಕರಗಿ ಎಲೆ ಮಚ್ಚೆಮಚ್ಚೆಯಾಗಿ ಸುಡುತ್ತದೆ. ಪೈಪಿನ ನೀರನ್ನು ರಭಸವಾಗಿ ಬಿಟ್ಟು ಹೇನನ್ನು ತೊಳೆದುಹಾಕುವುದೇ ಸರಿಯಾದ ಚಿಕಿತ್ಸೆ. ನಗರದ ಧೂಳನ್ನು ತಾವರೆ ತಾನೇ ತೊಳೆದುಕೊಳ್ಳುತ್ತದೆ, ನಾವು ಒರಸಬೇಕಾದುದಿಲ್ಲ.

ಎಲೆಯ ಇನ್ನೊಂದು ಕೆಲಸ ಇದಕ್ಕಿಂತಲೂ ಅದ್ಭುತವಾದುದಾದರೂ ಕವಿಗಳ ಕಣ್ಣಿಗೆ ಬೀಳಲಿಲ್ಲ. ಕೆಸರಿನೊಳಗೆ ಉಸಿರಾಡಲು ಗಾಳಿಯಿಲ್ಲ. ಬಿಸಿಲಿಗೆ ಕಾದ ಎಲೆಯು ತನ್ನ ಮೇಲ್ಮೈಯಿಂದ ಗಾಳಿಯನ್ನು ಒಳಗೆಳೆದು, ದಂಟಿನ ಟೊಳ್ಳು ನಾಳಗಳ ಮೂಲಕ ಅದನ್ನು ಒತ್ತಿ ಗಡ್ಡೆಗೆ ಕಳುಹಿಸುತ್ತದೆ. ಅಲ್ಲಿಂದ ಹಿಂದಿರುಗಿದ ಗಾಳಿ ಎಲೆಯ ನಡುವಿನ ಬೊಟ್ಟಿನಂಥ ಭಾಗದ ರಂಧ್ರಗಳಿಂದ ಹೊರಬೀಳುತ್ತದೆ. ತಾವರೆಗೆ ಬಿಸಿಲು ಬೇಕೆಂಬುದಕ್ಕೆ ಆಹಾರವಲ್ಲದೆ ಉಸಿರೂ ಒಂದು ಕಾರಣವಾಯಿತು. ಇಂಥ ದಂಟನ್ನು ಹಸುರಿರುವಾಗ ನೀರಿನ ಮಟ್ಟದಿಂದ ಕೆಳಗೆ ಕತ್ತರಿಸಿದರೆ ನಾಳಗಳಲ್ಲಿ ನೀರು ಇಳಿದು ಗಡ್ಡೆಯು ಉಸಿರುಕಟ್ಟಿ ಕೊಳೆಯುತ್ತದೆ. ಎಲೆ ಹಳದಿಯಾಗಿ ಒಣಗುವ ತನಕ ತಾಳ್ಮೆಯಿಂದಿದ್ದು, ಆಗಲೂ ನೀರಿನಿಂದ ಒಂದು ಗೇಣು ಮೇಲಕ್ಕೇ ಕತ್ತರಿ ಹಾಕಬೇಕು. ಹೂವನ್ನು ಕೊಯ್ಯುವಾಗಲೂ ಇದೇ ನಿಯಮ.

ನೀರು ನಿಲ್ಲಿಸಿದವನು ಸೊಳ್ಳೆಗೆ ಉತ್ತರವಾದಿ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆಯ ಮರಿಗಳಿಗೆ ಆಸ್ಪದ ಕೊಟ್ಟ ಮನೆಯವರಿಗೆ ದಂಡ ಹಾಕುವ ನಿಯಮವನ್ನು ತಂದಿತು. ಆದರೆ ದಂಡದ ಭಯಕ್ಕಿಂತ ನೆರೆಮನೆಯ ಮಗುವಿನ ಜ್ವರದ ಭಯ ದೊಡ್ಡದಾಗಿರಬೇಕು. ಪರಿಹಾರ ಸುಲಭ: ಒಂದೊಂದು ತೊಟ್ಟಿಗೆ ನಾಲ್ಕೈದು ಗಪ್ಪಿ ಮೀನುಗಳು. ಆಹಾರ ಹಾಕದೆ ಬಿಟ್ಟರೆ ಅವು ಮರಿಗಳನ್ನು ಒಂದನ್ನೂ ಉಳಿಸುವುದಿಲ್ಲ. ಬಣ್ಣದ ಕೊಯಿ ಮೀನುಗಳನ್ನು ಮಾತ್ರ ತಾವರೆಯ ಜೊತೆಗೆ ಬಿಡಬಾರದು, ಅವು ಮಣ್ಣನ್ನು ಕೆದಕಿ ಎಳೆಯ ಕುಡಿಯನ್ನೇ ಮೇಯುತ್ತವೆ. ಕೊಳವು ಒಂದು ವರ್ಷ ನಿಂತಿತೆಂದರೆ, ಬಸವನಗುಡಿಯ ಹುಡುಗರು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೊಡತಿಕೀಟ ಎಲ್ಲಿಂದಲೋ ಬಂದು ಮೊಟ್ಟೆಯಿಡುತ್ತದೆ. ಅದರ ಮರಿಗಳೂ ಸೊಳ್ಳೆಯ ಮರಿಗಳನ್ನೇ ತಿನ್ನುತ್ತವೆ.

ಎಲ್ಲವೂ ಸರಿಯಾಗಿ ನಡೆದರೆ ಮೇ ತಿಂಗಳಿನ ಸುಮಾರಿಗೆ ಎಲೆಯ ಮಗ್ಗುಲಿನಿಂದ ಮೊಗ್ಗು ಏಳುತ್ತದೆ. ಹೂವಿನ ಆಯುಸ್ಸು ಮೂರು ನಾಲ್ಕು ದಿನ. ಮೊದಲನೆಯ ದಿನ ನಸುಕಿನಲ್ಲಿ ಅರೆಬಿರಿದು ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಎರಡನೆಯ ದಿನ ಅಗಲವಾಗಿ ಅರಳುತ್ತದೆ, ಪರಿಮಳ ತುಂಬಿರುವುದು ಈ ಆರಂಭದ ಬೆಳಗುಗಳಲ್ಲಿಯೇ. ಮೂರನೆಯ ದಿನ ಬಣ್ಣ ಮಾಸುತ್ತದೆ. ನಾಲ್ಕನೆಯ ದಿನ ದಳಗಳು ಕಳಚಿ ಬೀಳುತ್ತವೆ. ಈ ಅಲ್ಪಕಾಲದಲ್ಲಿ ಹೂವು ತನ್ನೊಳಗೆ ಶಾಖವನ್ನು ತಾನೇ ಉತ್ಪಾದಿಸುತ್ತದೆಂಬುದನ್ನು ಆಸ್ಟ್ರೇಲಿಯದ ಅಡಿಲೇಡಿನಲ್ಲಿ ರೋಜರ್ ಸೆಮೋರ್ ಮತ್ತು ಅವರ ಸಂಗಡಿಗರು ಅಳೆದು 1996ರಲ್ಲಿ ಪ್ರಕಟಿಸಿದರು: ಹೊರಗಿನ ಗಾಳಿ 10 ಡಿಗ್ರಿಯಷ್ಟು ತಣ್ಣಗಿದ್ದಾಗಲೂ ಹೂವಿನ ಒಡಲು 30 ಡಿಗ್ರಿಗೂ ಮೇಲ್ಪಟ್ಟು ಬೆಚ್ಚಗಿರುತ್ತದೆ. ರಾತ್ರಿ ಮುಚ್ಚಿಕೊಂಡ ದಳಗಳೊಳಗೆ ಸಿಕ್ಕಿದ ದುಂಬಿಗೆ ದೊರೆಯುವುದು ಸೆರೆಮನೆಯೆಂದು ಕವಿಗಳು ಮರುಗಿದರು. ಪ್ರಾಯಶಃ ಅದು ಬಿಟ್ಟಿ ಸಿಕ್ಕ ಬಿಸಿಕೋಣೆ.

ವರಮಹಾಲಕ್ಷ್ಮಿಯ ಹಬ್ಬದ ಹಿಂದಿನ ಸಂಜೆ ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಹೊರ ಊರುಗಳ ಕೆರೆಗಳಿಂದ ಬಂದ ತಾವರೆಯ ಮೊಗ್ಗುಗಳು ರಾಶಿ ಬಿದ್ದಿರುತ್ತವೆ. ಬಿಗಿಯಾಗಿರುವಾಗಲೇ ಕಿತ್ತ ಮೊಗ್ಗು ಮನೆಗೆ ತಂದು ನೀರಿನಲ್ಲಿಟ್ಟರೂ ಸಾಮಾನ್ಯವಾಗಿ ಅರಳುವುದಿಲ್ಲ. “ತಾನಾಗೇ ಅರಳಲ್ಲ ಕಣಮ್ಮ, ನೀವೇ ದಳ ಮಡಚ್ಕೊಬೇಕು” ಎನ್ನುತ್ತ ಹೂವಿನಾಕೆ ಹೊರದಳಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ ಅರಳಿದಂತೆ ಮಾಡಿ ತೋರಿಸುತ್ತಾಳೆ. ಅದೂ ಒಂದು ಕೈಚಳಕವೇ, ಆಕ್ಷೇಪಿಸತಕ್ಕದ್ದೇನಿಲ್ಲ. ಆದರೆ ತಾನಾಗಿ ಅರಳಿದ ಹೂವನ್ನು ಕಲಶದ ಮುಂದೆ ಇಡಬೇಕೆಂಬವರು ಮನೆಯಲ್ಲಿ ಬೆಳೆಯದೆ ವಿಧಿಯಿಲ್ಲ. ಆಗಸ್ಟಿನ ಮೋಡದಲ್ಲಿ ತಾರಸಿಯ ತೊಟ್ಟಿಯು ಹಬ್ಬದ ದಿನಕ್ಕೆ ಸರಿಯಾಗಿ ಹೂ ಕೊಡುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ತಾವರೆಗಳು ಕೊಳದಲ್ಲಿ ಹೇಗಿರುತ್ತವೆಂಬುದನ್ನು ನೋಡಬಯಸುವವರು ಲಾಲ್‌ಬಾಗಿನ ತಾವರೆಕೊಳಕ್ಕೆ ಬೆಳಗಿನ ಹತ್ತು ಗಂಟೆಯೊಳಗೆ ಹೋಗಬೇಕು.

ಬೀಜದಿಂದ ಬೆಳೆಸುವುದು ಮಕ್ಕಳಿಗೆ ಒಳ್ಳೆಯ ವಿನೋದ, ಹೂವಿನ ಆಸೆಯುಳ್ಳವರಿಗೆ ನಿಧಾನದ ದಾರಿ. ಕಪ್ಪು ಕಲ್ಲಿನಂಥ ಆ ಬೀಜದ ಸಿಪ್ಪೆ ಎಷ್ಟು ಬಿಗಿಯೆಂದರೆ, ಚೀನಾದಲ್ಲಿ ಬತ್ತಿಹೋದ ಕೆರೆಯೊಂದರ ತಳದಿಂದ ತೆಗೆದ ಸುಮಾರು 1,300 ವರ್ಷಗಳ ಹಿಂದಿನ ಬೀಜ ಮೊಳೆತುದನ್ನು ಕ್ಯಾಲಿಫೋರ್ನಿಯದ ಜೇನ್ ಶೆನ್-ಮಿಲ್ಲರ್ 1995ರಲ್ಲಿ ವರದಿ ಮಾಡಿದರು. ಬೀಜದ ಮೊನಚು ತುದಿಯನ್ನು ಬಿಟ್ಟು ಅದರ ಎದುರಿನ ತುದಿಯನ್ನು ಒರಟು ಕಲ್ಲಿನ ಮೇಲೆ ಉಜ್ಜಿ, ಒಳಗಿನ ಬಿಳುಪು ತುಸು ಕಂಡ ಕೂಡಲೆ ನಿಲ್ಲಿಸಿ, ಬೆಚ್ಚನೆಯ ನೀರಿನಲ್ಲಿ ಹಾಕಿ ದಿನಾ ನೀರು ಬದಲಿಸಿದರೆ ವಾರದೊಳಗೆ ಮೊಳಕೆ ಹೊರಡುತ್ತದೆ. ಹೂವು ಬರಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಗಬಹುದು, ಬಂದ ಹೂವು ತಾಯಿಯಂತೆಯೇ ಇರಬೇಕೆಂಬ ನಿಯಮವಿಲ್ಲ. ದಿನಸಿ ಅಂಗಡಿಗಳಲ್ಲಿ ತಾವರೆಯ ಬೀಜವೆಂದು ಮಾರುವ ಮಖಾನವನ್ನು ನೆನೆಹಾಕಿ ಕಾಯುವವರೂ ಇದ್ದಾರೆ! ಅದು ಬಿಹಾರದ ಕೊಳಗಳಲ್ಲಿ ಬೆಳೆಯುವ, ನೈದಿಲೆಯ ಬಳಗದ ಬೇರೊಂದು ಮುಳ್ಳುಗಿಡದ ಹುರಿದ ಬೀಜ. ಮೊಳೆಯುವ ಮಾತೇ ಇಲ್ಲ.

ದೀಪಾವಳಿಯ ನಂತರ ಎಲೆಗಳು ಒಂದೊಂದಾಗಿ ಒಣಗತೊಡಗಿದರೆ ಗಾಬರಿಪಡಬೇಕಾದುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಆದರೂ ಹಗಲು ಕುಗ್ಗುವುದನ್ನು ತಾವರೆ ಅರಿತು, ಎಲೆಗೆ ವೆಚ್ಚಮಾಡುವುದನ್ನು ನಿಲ್ಲಿಸಿ, ಗಡ್ಡೆಯಲ್ಲಿ ಆಹಾರವನ್ನು ಕೂಡಿಡತೊಡಗುತ್ತದೆ. ಈ ತಿಂಗಳುಗಳಲ್ಲಿ ಗೊಬ್ಬರ ಹಾಕಬಾರದು, ಮಣ್ಣು ಒಣಗದಷ್ಟು ನೀರು ನಿಲ್ಲಿಸಿದರೆ ಸಾಕು. ಫೆಬ್ರವರಿಯಲ್ಲಿ ತೊಟ್ಟಿಯನ್ನು ಬೋರಲು ಹಾಕಿ ನೋಡಿದರೆ, ಒಂದು ಗಡ್ಡೆ ನೆಟ್ಟ ಕಡೆಯಲ್ಲಿ ಐದಾರು ಗಡ್ಡೆಗಳು ಒಂದಕ್ಕೊಂದು ಹೆಣೆದುಕೊಂಡು ತಳವನ್ನೆಲ್ಲ ಸುತ್ತುಹಾಕಿರುತ್ತವೆ. ಅವುಗಳನ್ನು ಬಿಡಿಸಿ ಒಂದೆರಡನ್ನು ಮಾತ್ರ ಹೊಸ ಮಣ್ಣಿನಲ್ಲಿ ನೆಡತಕ್ಕದ್ದು. ಎಲ್ಲವನ್ನೂ ಹಾಗೆಯೇ ಬಿಟ್ಟರೆ ಮುಂದಿನ ವರ್ಷ ಹೂವು ಕಡಿಮೆಯಾಗುತ್ತದೆ. ಉಳಿದವನ್ನು ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ವಾರದವರೆಗೆ ಕೆಡದೆ ಇರುತ್ತವೆ, ಬಿಸಿಲಿರುವ ತಾರಸಿಯುಳ್ಳ ನೆಂಟರಿಷ್ಟರಿಗೆ ಕೊಡಬಹುದು. ಹೆಚ್ಚಾದ ಗಪ್ಪಿ ಮೀನುಗಳನ್ನೂ ಹೊರದೇಶದ ತಳಿಯ ಗಡ್ಡೆಗಳನ್ನೂ ಕೆಂಪಾಂಬುಧಿ ಕೆರೆಗೋ ಸ್ಯಾಂಕಿ ಕೆರೆಗೋ ಸುರಿದು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವ ಕ್ರಮ ಕೆಲವರಲ್ಲಿದೆ, ಅದನ್ನು ಬಿಡಬೇಕು. ಆ ಕೆರೆಗಳ ಮೀನು ಗಿಡಗಳಿಗೆ ಹೊರಗಿನವರ ಕಾಟ ಈಗಾಗಲೇ ಸಾಕಷ್ಟಿದೆ.